ಕುರಿ ಹಿಂಡಿನ ಹಿಂದೆ ಹೋದ ಶಾಲೆ

ತೆಲಸಂಗ
18 ಜುಲೈ 2004

ಸಾರಿಕಾ ಮೇಡಂ ಅವರಿಗೆ ದುಂಡೇಶನ ನಮಸ್ಕಾರಗಳು.

ಶಾಲೆ ಶುರುವಾದ ವಾರದೊಳಗೆ ಪತ್ರ ಬರೆಯಬೇಕೆಂದು ಚಿಕ್ಕೋಡಿಯಲ್ಲಿ ತರಬೇತಿಯ ಕೊನೆಯ ದಿನ ಹೇಳಿದ್ದಿರಿ. ಶುರುವಾಯಿತು, ಬರೆಯುತ್ತಿದ್ದೇನೆ. ನಾನು ಯಾರೆಂದು ನೆನಪಿರಲಿಕ್ಕಿಲ್ಲ. ಕಟ್ಟಡವೇ ಇಲ್ಲದ ಶಾಲೆಗೆ ಬೀಗ ಕೊಡುತ್ತೀರಾ ಎಂದು ಕೇಳಿ ಎಲ್ಲರನ್ನೂ ನಗಿಸಿದವನು ನಾನೇ. ನೀವೊಬ್ಬರು ನಕ್ಕಿರಲಿಲ್ಲ.

ನಮ್ಮದು ಕುರಿಗಾರರ ಮನೆತನ. ನನ್ನ ಸೋದರಮಾವ ಲಗಮಣ್ಣನ ಹಿಂಡಿನ ಜೊತೆ ಏಳು ಸಂಸಾರಗಳು ವರ್ಷವಿಡೀ ಊರಿಂದೂರಿಗೆ ನಡೆಯುತ್ತವೆ. ಮಳೆಗಾಲದಲ್ಲಿ ಈ ತೆಲಸಂಗದ ಒಣ ಹೊಲಗಳಲ್ಲಿ, ಸುಗ್ಗಿ ಮುಗಿದ ಮೇಲೆ ಪಡುವಣ ಕಡೆಗೆ. ಹೀಗಾಗಿ ನಮ್ಮ ಮಕ್ಕಳು ಯಾವ ಶಾಲೆಯ ಹಾಜರಿಯಲ್ಲೂ ಇಲ್ಲ. ನಾನೊಬ್ಬನೇ ಅಜ್ಜಿಯ ಮನೆಯಲ್ಲಿ ಉಳಿದದ್ದಕ್ಕೆ ನಾಲ್ಕಕ್ಷರ ಕಲಿತೆ. ಹಿಂಡಿನ ಜೊತೆಗೇ ನಡೆಯುವ ಪರ್ಯಾಯ ಶಾಲೆ ಎಂದು ನೀವು ವಿವರಿಸಿದಾಗ ನಾನು ಕೈ ಎತ್ತಿದ್ದು ಅದಕ್ಕೇ.

ಬೆಳಗ್ಗೆ ದೊಡ್ಡವರು ಕುರಿ ಹೊಡೆದುಕೊಂಡು ಹೋಗುತ್ತಾರೆ. ಮಕ್ಕಳು ಬಿಡಾರದಲ್ಲಿ ಉಳಿದು ಎಳೆಯ ಮರಿಗಳನ್ನು ನೋಡಿಕೊಳ್ಳುತ್ತಾರೆ. ಮರಿಗಳ ದೊಡ್ಡಿಯ ಪಕ್ಕದ ಜಾಲಿ ಗಿಡದ ಕೆಳಗೇ ಶಾಲೆ. ಮೊದಲ ದಿನ ಲಗಮಣ್ಣ ಮಾವ ಬಂದು ನಿಂತ. "ಸಾಲಿ ಮಾಡ್ಕೋಂತ ಕುಂತರ, ತೋಳ ಬಂದಾಗ ಏನ ಮಾಡ್ತಾರ್ಲೇ ಇವ್ರು?" ಅಂದ. "ತೋಳ ಅಂತ ಬರದ ತೋರಸ್ತಾರ, ಮಾವ" ಅಂದೆ. ಕೋಲೆತ್ತಿಕೊಂಡು ಬಂದ. ಅತ್ತೆ ಕಾಳವ್ವ ನಡುವೆ ಬರದಿದ್ದರೆ ಶಾಲೆಗೆ ಮೊದಲ ದಿನವೇ ರಜೆ ಕೊಡಬೇಕಾಗುತ್ತಿತ್ತು.

ಇಪ್ಪತ್ತೊಂದು ಮಕ್ಕಳಿದ್ದಾರೆ. ಗಂಡು ಹನ್ನೆರಡು, ಹೆಣ್ಣು ಒಂಬತ್ತು. ಎಲ್ಲರಿಗಿಂತ ಹಿರಿಯಳು ಮಾವನ ಮೊಮ್ಮಗಳು ರಾಮವ್ವ, ಹನ್ನೊಂದು ವರ್ಷದವಳು. ಅವಳು ಗದರಿದರೆ ಮರಿಗಳೂ ಸುಮ್ಮನಾಗುತ್ತವೆ. ನೀವು ಕೊಟ್ಟ ಅಕ್ಷರಮಾಲೆಯ ಚಾರ್ಟನ್ನು ಕೆಳಗೆ ಕಟ್ಟಿದ್ದು ನನ್ನ ತಪ್ಪು. 'ಅ'ದಿಂದ 'ಋ'ವರೆಗೆ ಮರಿಗಳು ತಿಂದಿವೆ. ಕುದುರೆಯ ಮೇಲೆ ಹೇರಬಹುದಾದಂಥ ಒಂದು ಸಣ್ಣ ಕರಿಹಲಗೆ ಸಿಕ್ಕರೆ ಉಪಕಾರ.

ನಿಮ್ಮ ವಿಶ್ವಾಸಿ,
ದುಂಡೇಶ


ಚಿಕ್ಕೋಡಿ
2 ಆಗಸ್ಟ್ 2004

ಶ್ರೀ ದುಂಡೇಶ ಅವರಿಗೆ,

ನಿಮ್ಮ ಪತ್ರ ಮತ್ತು ಮಾಹಿತಿ ನಮೂನೆ ತಲುಪಿವೆ. ನಮೂನೆಯನ್ನು ನೀವು ತುಂಬಿರುವ ರೀತಿ ಸರಿಯಾಗಿಲ್ಲ. ಶಾಲೆಯ ಸ್ಥಳ ಎಂಬಲ್ಲಿ "ಕುರಿ ಇದ್ದಲ್ಲಿ" ಎಂದು ಬರೆದಿದ್ದೀರಿ. ಅಂಚೆ ವಿಳಾಸ ಬೇಕು. ಹತ್ತಿರದ ಸರಕಾರಿ ಶಾಲೆಗೆ ಎಷ್ಟು ದೂರ ಎಂಬಲ್ಲಿ "ಕೆಲವು ದಿನ ದೂರ, ಕೆಲವು ದಿನ ಸಮೀಪ" ಎಂದಿದೆ. ಇದನ್ನು ನಾನು ಮೇಲಿನವರಿಗೆ ಕಳಿಸಲಾರೆ.

ಇನ್ನೊಂದು ಮುಖ್ಯ ಮಾತು. ಈ ಅನುದಾನ ಕುರಿಗಾರ ಸಂಸಾರಗಳ ಮಕ್ಕಳಿಗೆಂದು ಕೊಟ್ಟದ್ದು. ಬೇರೆ ಮಕ್ಕಳ ಹೆಸರು, ಬೇರೆ ಕಡೆಯಿಂದ ಬಂದವರ ಹೆಸರು ಒಂದನ್ನೂ ಹಾಜರಿಯಲ್ಲಿ ಸೇರಿಸಕೂಡದು. ಹಿಂದೆ ಒಂದು ಕೇಂದ್ರದಲ್ಲಿ ಇಲ್ಲದ ಮಕ್ಕಳ ಹೆಸರು ಬರೆದಿದ್ದರು, ಅದಕ್ಕೆ ಸಹಿ ಹಾಕಿದ ತಪ್ಪಿಗೆ ನಾನು ಉತ್ತರ ಕೊಡಬೇಕಾಯಿತು. ಮತ್ತೆ ಅಂಥದ್ದು ಆಗಬಾರದು.

ಮೂವತ್ತು ಸ್ಲೇಟು, ಮಡಚುವ ಕರಿಹಲಗೆ ಕಳಿಸಿದ್ದೇನೆ. ಬೇರೆ ಚಾರ್ಟೂ ಇದೆ. ಎತ್ತರದಲ್ಲಿ ಕಟ್ಟಿ.

ಸಾರಿಕಾ


ತೆಲಸಂಗ
20 ಆಗಸ್ಟ್ 2004

ಮೇಡಂ ಅವರಿಗೆ ನಮಸ್ಕಾರಗಳು.

ಕರಿಹಲಗೆ ಬಂತು. ಕುದುರೆ ಮೊದಲ ದಿನ ಹೆದರಿ ಓಡಿತು. ಈಗ ಒಗ್ಗಿಕೊಂಡಿದೆ.

ನಮ್ಮ ವಿಳಾಸ: ಧರೆಪ್ಪನವರ ಕಿರಾಣಿ ಅಂಗಡಿ, ತೆಲಸಂಗ. ಧರೆಪ್ಪ ಒಳ್ಳೆಯವರು, ಪತ್ರ ಬಂದರೆ ಜೋಳದ ಚೀಲದ ಮೇಲೆ ಇಟ್ಟಿರುತ್ತಾರೆ. ಹತ್ತಿರದ ಶಾಲೆಯ ದೂರ ಸೋಮವಾರ ಒಂದು ಕಿಲೋಮೀಟರ್, ಗುರುವಾರ ಮೂರು. ಆ ಶಾಲೆ ಎಲ್ಲಿದ್ದದ್ದು ಅಲ್ಲೇ ಇದೆ, ನಾವು ಸರಿದಿದ್ದೇವೆ. ಎರಡರಲ್ಲಿ ಯಾವುದು ಬೇಕೋ ನೀವೇ ಬರೆದುಕೊಳ್ಳಿ.

ಮನೆಮಾತು ಏನೆಂಬ ಅಂಕಣ ಬಿಟ್ಟು ಹೋಗಿತ್ತು. ಎಲ್ಲರದೂ ಕನ್ನಡ. ಲಗಮಣ್ಣ ಮಾವ ಕುದುರೆಯ ಕೂಡ ಮಾತ್ರ ಮರಾಠಿಯಲ್ಲಿ ಮಾತಾಡುತ್ತಾನೆ. ಅದನ್ನು ಮಿರಜದಲ್ಲಿ ಕೊಂಡದ್ದು.

ಬೇರೆಯವರ ಹೆಸರು ಒಂದನ್ನೂ ಬರೆಯುವುದಿಲ್ಲ. ಈ ಮಾತು ಕೊಟ್ಟಿದ್ದೇನೆ. ದೀಪಾವಳಿ ಆದ ಮೇಲೆ ಪಡುವಣ ಕಡೆಗೆ ಹೊರಡುತ್ತೇವೆ.

ದುಂಡೇಶ


ಚಿಕ್ಕೋಡಿ
26 ನವೆಂಬರ್ 2004

ಶ್ರೀ ದುಂಡೇಶ ಅವರಿಗೆ,

ಮೊನ್ನೆ ತಪಾಸಣೆಗೆ ತೆಲಸಂಗಕ್ಕೆ ಹೋದವರು ಶಾಲೆ ಸಿಗದೆ ಮರಳಿದ್ದಾರೆ. ಮಕ್ಕಳಿಲ್ಲ, ಶಿಕ್ಷಕರಿಲ್ಲ, ಹೊಲದ ತುಂಬ ಕುರಿ ಹಿಕ್ಕೆ ಮಾತ್ರ ಇದೆ ಎಂದು ಬರೆದುಕೊಟ್ಟಿದ್ದಾರೆ. ಆ ವರದಿ ಈಗ ನನ್ನ ಮೇಜಿನ ಮೇಲಿದೆ. ಇಪ್ಪತ್ತೊಂದು ಮಕ್ಕಳು ಎಂದು ನಿಮ್ಮ ಮಾತು ನಂಬಿ ಸಹಿ ಹಾಕಿದವಳು ನಾನು.

ಪಡುವಣ ಕಡೆಗೆ ಹೋಗುತ್ತೇವೆ ಎಂದು ಬರೆದಿದ್ದಿರಿ. ಪಡುವಣ ಎಂಬುದು ವಿಳಾಸವಲ್ಲ. ಸರಿಯಾದ ಮಾಹಿತಿ ಬರುವವರೆಗೆ ನಿಮ್ಮ ಗೌರವಧನ ತಡೆಹಿಡಿಯಲಾಗಿದೆ.

ಸಾರಿಕಾ


ಚಿಂಚಲಿ
3 ಡಿಸೆಂಬರ್ 2004

ಮೇಡಂ ಅವರಿಗೆ ನಮಸ್ಕಾರಗಳು.

ರಾಯಬಾಗ ತಾಲೂಕಿಗೆ ಬಂದು ಇಳಿದಿದ್ದೇವೆ. ಇನ್ನು ಮುಂದೆ ಪತ್ರವನ್ನು ಚಿಂಚಲಿಯ ಅಂಚೆ ಕಚೇರಿಗೆ ಕಳಿಸಿ, ನಾನೇ ಹೋಗಿ ಕೇಳುತ್ತೇನೆ. ತೆಲಸಂಗದಲ್ಲಿ ಬರೀ ಕಲ್ಲು, ಒಣಗಿದ ಗರಿಕೆ, ಇಲ್ಲಿ ನೋಡಿದಲ್ಲೆಲ್ಲ ಕಬ್ಬು. ಕಡಿದ ಹೊಲದಲ್ಲಿ ನಾವು ಕುರಿ ನಿಲ್ಲಿಸುತ್ತೇವೆ. ಹೊಲದವನಿಗೆ ಗೊಬ್ಬರ, ನಮ್ಮ ಕುರಿಗಳಿಗೆ ಸೋಗೆ. ಕಬ್ಬು ಕಡಿಯಲು ಬಂದವರ ಗುಡಿಸಲುಗಳು ನಮ್ಮ ಬಿಡಾರದ ಮಗ್ಗುಲಲ್ಲೇ ಇವೆ.

ಶಾಲೆ ಚೆನ್ನಾಗಿ ನಡೆದಿದೆ. ಮಕ್ಕಳೆಲ್ಲ ಆರಾಮ ಇದ್ದಾರೆ. ರಾಮವ್ವ ಈಗ ತಪ್ಪಿಲ್ಲದೆ ಓದುತ್ತಾಳೆ. ಲಗಮಣ್ಣ ಮಾವ ಮೊನ್ನೆ ಸಂತೆಯಿಂದ ಔಷಧದ ಬಾಟಲಿ ತಂದು, ಯಾರೂ ನೋಡದ ಹಾಗೆ ಅವಳಿಂದ ಓದಿಸಿಕೊಂಡ. ಮರಿಗೆ ಕುಡಿಸುವ ಔಷಧವೆಂದು ಇಷ್ಟು ದಿನ ಮೈಗೆ ಹಚ್ಚುವುದನ್ನು ಕುಡಿಸುತ್ತಿದ್ದನಂತೆ. ಅಂದಿನಿಂದ ಮಾವ ಶಾಲೆಯ ಮುಂದೆ ಹಾಯುವಾಗ ಕೆಮ್ಮಿ ಹಾಯುತ್ತಾನೆ.

ಸಾಧ್ಯವಾದರೆ ಇನ್ನೊಂದಿಷ್ಟು ಸ್ಲೇಟು ಕಳಿಸಿ. ಇದ್ದವುಗಳಲ್ಲಿ ಕೆಲವು ಒಡೆದಿವೆ. ಎರಡು ತಿಂಗಳ ಗೌರವಧನ ಬಂದಿಲ್ಲ. ಕೆಲಸದ ಗಡಿಬಿಡಿಯಲ್ಲಿ ಮರೆತಿರಬಹುದು.

ದುಂಡೇಶ


ಚಿಕ್ಕೋಡಿ
10 ಡಿಸೆಂಬರ್ 2004

ಶ್ರೀ ದುಂಡೇಶ ಅವರಿಗೆ,

ನನ್ನ ಹಿಂದಿನ ಪತ್ರಕ್ಕೆ ನೀವು ಒಂದು ಸಾಲಿನ ಉತ್ತರವನ್ನೂ ಕೊಟ್ಟಿಲ್ಲ. ಅದನ್ನು ಓದಿಯೂ ಏನೂ ಆಗದವರಂತೆ ಬರೆದಿದ್ದೀರಿ.

ಮಕ್ಕಳ ಸಂಖ್ಯೆ ಎಷ್ಟು? ನಿಮ್ಮ ಪತ್ರದಲ್ಲಿ ಕುರಿ, ಕಬ್ಬು, ಔಷಧ ಎಲ್ಲ ಇವೆ. ಸಂಖ್ಯೆ ಇಲ್ಲ. ಇಪ್ಪತ್ತೊಂದು ಮಕ್ಕಳಿಗೆ ಮೂವತ್ತು ಸ್ಲೇಟು ಕಳಿಸಿದ್ದೆ. ಮತ್ತೆ ಸ್ಲೇಟು ಯಾರಿಗೆ?

ಸಾರಿಕಾ


ಚಿಂಚಲಿ
28 ಡಿಸೆಂಬರ್ 2004

ಮಾನ್ಯರೇ,

ನಿಮ್ಮ ನವೆಂಬರಿನ ಪತ್ರ ಧರೆಪ್ಪನವರ ಅಂಗಡಿಯಲ್ಲೇ ಕೂತಿತ್ತು. ನಮ್ಮವರೊಬ್ಬರು ತೆಲಸಂಗಕ್ಕೆ ಹೋದಾಗ ತಂದರು. ಡಿಸೆಂಬರಿನ ಪತ್ರ ಇಲ್ಲಿಯ ಅಂಚೆಯಲ್ಲಿ ಸಿಕ್ಕಿತು. ಎರಡನ್ನೂ ಒಂದೇ ದಿನ ಓದಿದೆ.

ಮಕ್ಕಳು ಹದಿನಾರು. ಎರಡು ಸಂಸಾರಗಳು ಹಿಂಡು ಒಡೆದುಕೊಂಡು ಮಿರಜದ ಕಡೆ ಹೋದವು, ಐದು ಮಕ್ಕಳು ಅವರ ಜೊತೆ ಹೋದರು. ಕಡಿಮೆಯಾಯಿತಲ್ಲ ಎಂಬ ಸಂಕಟಕ್ಕೆ ಬರೆದಿರಲಿಲ್ಲ. ಸುಳ್ಳು ಬರೆದಿಲ್ಲ.

ಸ್ಲೇಟು ಬೇಡ.

ದುಂಡೇಶ


ಚಿಕ್ಕೋಡಿ
6 ಜನವರಿ 2005

ದುಂಡೇಶ ಅವರಿಗೆ,

ನಿನ್ನೆ ನಾನು ನಿಮ್ಮ ಶಾಲೆಗೆ ಬಂದಿದ್ದೆ. ಮುಂಚೆ ತಿಳಿಸಿರಲಿಲ್ಲ. ತಿಳಿಸದೆ ಬಂದರೆ ಸತ್ಯ ಏನೆಂದು ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಮಗಳು ಸ್ನೇಹಲಳ ಶಾಲೆಗೆ ರಜೆ ಇತ್ತು, ಅವಳನ್ನೂ ಕರೆತಂದಿದ್ದೆ. ಆರು ವರ್ಷದವಳು, ಕುರಿ ನೋಡಬೇಕೆಂದು ಹಟ ಹಿಡಿದಿದ್ದಳು.

ಚಿಂಚಲಿಯಲ್ಲಿ ಬಸ್ಸಿಳಿದು ಕಾಲುವೆಯ ದಂಡೆ ಹಿಡಿದು ನಡೆದೆವು. ಶಾಲೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. "ಎರಡ ಒಂದ್ಲೇ ಎರಡ, ಎರಡ ಎರಡ್ಲೇ ನಾಕ" ಎಂದು ಒಂದು ಗುಂಪು, ಅದರ ಬೆನ್ನಿಗೇ "ಬೇ ಏಕೇ ಬೇ, ಬೇ ದುಣೇ ಚಾರ್" ಎಂದು ಇನ್ನೊಂದು ಗುಂಪು. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಮರಾಠಿ ಮಗ್ಗಿ, ಶಾಲೆಯಲ್ಲಿ ಕನ್ನಡ ಮಗ್ಗಿ. ಎರಡೂ ಒಟ್ಟಿಗೆ ಕೇಳಿದ್ದು ಇದೇ ಮೊದಲು. ದಂಡೆಯ ಮೇಲೆ ಹಾಗೇ ನಿಂತುಬಿಟ್ಟೆ.

ಕರಿಹಲಗೆಯ ಮುಂದೆ ಒಬ್ಬ ಹುಡುಗಿ ಕೋಲು ಹಿಡಿದು ನಿಂತಿದ್ದಳು. ರಾಮವ್ವ ಎಂದು ಕೇಳದೆಯೇ ತಿಳಿಯಿತು.

"ಮಾಸ್ತರ ಎಲ್ಲ್ಯಾರವಾ?" ಎಂದೆ.

"ಚಿಕ್ಕೋಡಿಗಿ ಹೋಗ್ಯಾರ್ರಿ. ಅಲ್ಲಿ ಒಬ್ರ ಬಾಯಾರ ಅದಾರಂತ, ಭಾಳ ಸಿಟ್ಟಿನಾಕಿ. ಅವರ್ನ ಸಮಾಧಾನ ಮಾಡಾಕ ಹೋಗ್ಯಾರ."

ಆ ಸಿಟ್ಟಿನ ಮೇಡಂ ನಾನೇ ಎಂದು ಹೇಳಲಿಲ್ಲ. ಸ್ನೇಹಲ ಹೇಳಲು ಬಾಯಿ ತೆರೆದಳು, ಅವಳ ಕೈ ಚಿವುಟಿದೆ.

ಮಕ್ಕಳ ನಡುವೆ ಒಂದು ಹಗ್ಗ ಹಾಸಿತ್ತು. ಈಚೆ ಹದಿನಾರು ಮಕ್ಕಳು, ಆಚೆ ಒಂಬತ್ತು. ಆಚೆಯವರು ಯಾರು ಎಂದು ಕೇಳಿದೆ.

"ಅವ್ರು ಸಾಲ್ಯಾಗ ಇಲ್ರಿ. ಬರೇ ಕುಂಡ್ರೂ ಮಂದಿ" ಅಂದಳು. "ಕಬ್ಬ ಕಡ್ಯಾಕ ಬಂದವರ ಮಕ್ಳು. ಅವರ ಹೆಸರ ಬರಿಬ್ಯಾಡ್ರಿ ಅಂತ ಆ ಬಾಯಾರ ಹೇಳ್ಯಾರಂತ. ಅದಕ್ಕ ಮಾಸ್ತರ ಹಗ್ಗ ಹಾಕ್ಯಾರ. ಯಾರರ ಎಣಸಾಕ ಬಂದ್ರ ಈಚೀಕಡಿದವರನ್ನ ಎಣಸಬೇಕು."

ಎಣಿಸುವವಳು ಎದುರಿಗೇ ನಿಂತಿದ್ದಳು. ಹಗ್ಗದ ಆಚೆ ಹೋಗಿ ಕೂತೆ. ಬಾಳು ಎಂಬ ಹುಡುಗ ಸ್ಲೇಟಿನಲ್ಲಿ ತನ್ನ ಹೆಸರು ತೋರಿಸಿದ. ಒಂದು ಬದಿಗೆ ಕನ್ನಡದಲ್ಲಿ ಬರೆದಿದ್ದ, ಇನ್ನೊಂದು ಬದಿಗೆ ಮರಾಠಿಯಲ್ಲಿ. ಮರಾಠಿಯದು ನೀವೇ ಕಲಿಸಿದ್ದಂತೆ, ಒಂದು ಕಾನಾ, ಅಂದರೆ ದೀರ್ಘದ ಗೆರೆ, ತಪ್ಪಿದೆ, ತಿದ್ದಿಕೊಳ್ಳಿ. ಮಧ್ಯಾಹ್ನ ಅವನ ಅವ್ವ ಸೋನಾಬಾಯಿ ಕಬ್ಬಿನ ಗದ್ದೆಯಿಂದ ಬಂದಳು. ನಾನು ಮರಾಠಿಯಲ್ಲಿ ಮಾತಾಡಿದ್ದಕ್ಕೆ ಊರವಳೇ ಸಿಕ್ಕಷ್ಟು ಹಿಗ್ಗಿದಳು. ದಸರೆಗೆ ಊರು ಬಿಟ್ಟರೆ ಮರಳುವುದು ಚೈತ್ರಕ್ಕಂತೆ. ಅವರ ಊರಿನ ಶಾಲೆಯಲ್ಲಿ ಅಷ್ಟೊತ್ತಿಗೆ ಹೆಸರು ಹೊಡೆದುಹಾಕಿರುತ್ತಾರಂತೆ. "ಮಾಸ್ತರ ಇವನನ್ನು ಓಡಿಸಲಿಲ್ಲ ಬಾಯಿ, ಅಷ್ಟು ಸಾಕು" ಎಂದಳು.

ನಿಮ್ಮ ಅತ್ತೆ ಕಾಳವ್ವ ಚಹಾ ಕಾಸಿ ತಂದಳು. "ಯಾವೂರಾಕಿವಾ, ಯಾರ ಪೈಕಿ?" ಎಂದು ಕೇಳಿದಳು. ಕಾಗವಾಡದ ಕಡೆಯವಳು, ನಾವು ಬೌದ್ಧರು ಎಂದೆ. ಹೀಗೆ ಹೇಳಿದ ಮೇಲೆ ಕೆಲವು ಕಡೆ ಲೋಟ ಬದಲಾಗುವುದನ್ನು ನಾನು ಕಂಡಿದ್ದೇನೆ. ಅವಳು ತನ್ನ ಹಿತ್ತಾಳೆ ಚಂಬನ್ನೇ ನನ್ನ ಕೈಗೆ ಹಿಡಿಸಿ, "ಆರೂದ್ರಾಗ ಕುಡಿ ತಂಗೆವ್ವಾ, ಕುರಿ ಹಾಲ ಆರಿದ್ರ ಕೆನಿ ಕಟ್ಟತೈತಿ" ಅಂದಳು.

ಈಗ ನಾನು ನಿಮಗೆ ಹೇಳದೆ ಇದ್ದ ಸಂಗತಿ. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಪರ್ಯಾಯ ಶಾಲೆಗಳನ್ನು ಜನವರಿ ಕೊನೆಗೆ ಮುಚ್ಚಬೇಕು ಎಂದು ಅಕ್ಟೋಬರಿನಲ್ಲೇ ಆದೇಶ ಬಂದಿತ್ತು. ಹೇಳಿದರೆ ನೀವು ಸಂಖ್ಯೆ ಬೆಳೆಸಿ ಬರೆಯಬಹುದು ಎಂದು ಅಂಜಿದೆ. ನೀವು ನೋಡಿದರೆ ಇದ್ದ ಮಕ್ಕಳನ್ನೇ ಹಗ್ಗದ ಆಚೆ ಕೂರಿಸಿದ್ದೀರಿ. ಮರಳುವಾಗ ಬಸ್ಸಿನಲ್ಲಿ ಅನುದಾನದ ಮೂಲ ಆದೇಶದ ಪ್ರತಿಯನ್ನು ಮತ್ತೆ ಓದಿದೆ. ಅದರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳು ಎಂದಷ್ಟೇ ಇದೆ. ಕುರಿಗಾರರ ಮಕ್ಕಳು ಮಾತ್ರ ಎಂಬುದು ನನ್ನ ಅಂಜಿಕೆ ಸೇರಿಸಿದ ಮಾತು.

ಹಗ್ಗ ತೆಗೆಯಿರಿ. ಒಂಬತ್ತು ಹೆಸರುಗಳನ್ನೂ ಬರೆದು ಕೂಡಲೇ ಕಳಿಸಿ. ಮನೆಮಾತಿನ ಅಂಕಣದಲ್ಲಿ ಮರಾಠಿ ಎಂದು ಸ್ಪಷ್ಟವಾಗಿ ಬರೆಯಿರಿ, ಮುಚ್ಚಿಡುವುದು ಬೇಡ. ನಮ್ಮ ಕಚೇರಿಯ ಸಾಹೇಬರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಕೇಳುವುದು ನನ್ನ ಕೆಲಸ.

ಸ್ನೇಹಲ ಮರಳಿ ಬರಲು ಒಪ್ಪದೆ ಕಾಲುವೆಯವರೆಗೂ ಅತ್ತಳು. ಅವಳ ಹೆಸರನ್ನು ಮಾತ್ರ ಹಾಜರಿಯಲ್ಲಿ ಬರೆಯಬೇಡಿ.

ಸಾರಿಕಾ


ಚಿಂಚಲಿ
6 ಜನವರಿ 2005

ಸಾರಿಕಾ ಅಕ್ಕಾವರಿಗೆ ನಮಸ್ಕಾರಗಳು.

ನಿನ್ನೆ ಚಿಕ್ಕೋಡಿಗೆ ಬಂದಿದ್ದೆ. ನಿಮ್ಮನ್ನು ಸಮಾಧಾನ ಮಾಡಲು ಎಂದು ಮಕ್ಕಳಿಗೆ ಹೇಳಿದ್ದೆ. ನಿಜ ಹೇಳುತ್ತೇನೆ, ಜಗಳ ಆಡಲು ಬಂದಿದ್ದೆ. ಬಸ್ ಸ್ಟ್ಯಾಂಡಿನಿಂದ ನಿಮ್ಮ ಕಚೇರಿಯವರೆಗೆ ಆಡಬೇಕಾದ ಮಾತುಗಳನ್ನೆಲ್ಲ ಗಟ್ಟಿಯಾಗಿ ಅಂದುಕೊಳ್ಳುತ್ತ ನಡೆದೆ. ಒಬ್ಬ ಮುದುಕ ನನಗೆ ದಾರಿ ಬಿಟ್ಟು ನಿಂತ.

ನಿಮ್ಮ ಕುರ್ಚಿ ಖಾಲಿ ಇತ್ತು. ರಜೆ ಹಾಕಿದ್ದಾರೆ, ಎಲ್ಲಿಗೆ ಹೋದರೋ ಗೊತ್ತಿಲ್ಲ ಎಂದರು ಅಕ್ಕುತಾಯಿ. ಅದೇ, ನಿಮ್ಮ ಕಚೇರಿಯಲ್ಲಿ ಚಹಾ ಕೊಡುವ ಅಕ್ಕುತಾಯಿ. ಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದಕ್ಕೆ ಅವರಿಗೆ ಕನಿಕರ ಬಂತೋ ಏನೋ. "ನೀವ ಕುರಿ ಸಾಲಿ ಮಾಸ್ತರೇನ್ರಿ?" ಎಂದು ಕೇಳಿದರು. ಹೌದೆಂದೆ. "ಅಯ್ಯ, ನಿಮ್ಮ ಸಲುವಾಗಿ ಬಾಯಾರು ಸಾಹೇಬ್ರ ಕೂಡ ಎಷ್ಟ ವಾದ ಮಾಡ್ಯಾರ್ರಿ! ಸಾಲಿ ಬಂದ್ ಮಾಡ್ರಿ ಅಂತ ಅವ್ರು, ಜನವರಿ ತನಕ ತಡೀರಿ ಅಂತ ಇವ್ರು. ಬಾಗಲಾ ಹಾಕ್ಕೊಂಡ ಮಾತಾಡಿದ್ರೂ ನಮಗ ಇಲ್ಲೀತನಕ ಕೇಳ್ತಿತ್ತು" ಅಂದರು.

ಅಕ್ಕಾ, ತಯಾರು ಮಾಡಿಕೊಂಡು ಬಂದ ಒಂದು ಮಾತೂ ಆಮೇಲೆ ನೆನಪಾಗಲಿಲ್ಲ. ಇಷ್ಟು ದಿನ ನಿಮ್ಮನ್ನು ಕಲ್ಲು ಅಂದುಕೊಂಡಿದ್ದೆ.

ಬಿಡಾರಕ್ಕೆ ಮರಳಿದರೆ ಇಲ್ಲಿ ಜಾತ್ರೆಯಂಥ ಗದ್ದಲ. ಯಾರೋ ಬಾಯಿ ಬಂದಿದ್ದರು, ಮರಾಠಿ ಮಾತಾಡಿದರು, ಅವರ ಮಗಳ ಚಪ್ಪಲಿಯನ್ನು ಮರಿ ಕಚ್ಚಿಕೊಂಡು ಓಡಿತು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಆ ಬಾಯಿಯ ಹೆಸರೇನೆಂದು ಕೇಳಿದರೆ ರಾಮವ್ವ, "ಹೆಸರ ಕೇಳಿಲ್ರಿ. ಆದ್ರ ಆ ಸಿಟ್ಟಿನ ಬಾಯಾರ ಹಂಗ ಇಲ್ರಿ, ಇವರ ಭಾಳ ಚೊಲೋ ಅದಾರ" ಅಂದಳು.

ನೀವೇ ಇರಬೇಕು. ನೀವೇ ಆದರೆ ಹಗ್ಗವನ್ನೂ ನೋಡಿದ್ದೀರಿ. ನಿಮ್ಮಿಂದ ಮುಚ್ಚಿಟ್ಟದ್ದು ಅದೊಂದೇ. ನವೆಂಬರಿನಲ್ಲಿ ಆ ಮಕ್ಕಳು ಬಂದು ದೂರದಲ್ಲಿ ನಿಂತರು. ಮರುದಿನ ಒಂದು ಹೆಜ್ಜೆ ಮುಂದೆ ನಿಂತರು. ಆಮೇಲೆ ಕೂತರು. ಎಬ್ಬಿಸುವುದು ನನ್ನಿಂದ ಆಗಲಿಲ್ಲ. ಕೊಟ್ಟ ಮಾತಿನ ಪ್ರಕಾರ ಹೆಸರು ಬರೆದಿಲ್ಲ, ಸ್ಲೇಟು ಮಾತ್ರ ಇಬ್ಬರಿಗೆ ಒಂದರಂತೆ ಕೊಟ್ಟೆ. ಅವರನ್ನು ಕಳಿಸಲೇಬೇಕು ಎಂದಾದರೆ ಇನ್ನೊಮ್ಮೆ ನೀವೇ ಬಂದು ಹೇಳಿ. ನನಗೆ ಬಾಯಿ ಬರುವುದಿಲ್ಲ.

ಚಪ್ಪಲಿ ಸಿಕ್ಕಿದೆ, ಅರ್ಧ.

ದುಂಡೇಶ


ಚಿಕ್ಕೋಡಿ
24 ಜನವರಿ 2005

ದುಂಡೇಶ,

ಒಂಬತ್ತು ಹೆಸರುಗಳು ತಲುಪಿದವು. ನಿಮ್ಮ ಪತ್ರವೂ ನನ್ನ ಪತ್ರವೂ ದಾರಿಯಲ್ಲಿ ಎಲ್ಲೋ ಎದುರುಬದುರಾಗಿ ಹಾಯ್ದಿರಬೇಕು, ನಮ್ಮಿಬ್ಬರ ಬಸ್ಸುಗಳ ಹಾಗೆ. ಅಕ್ಕುತಾಯಿಗೆ ಹೇಳಿದೆ, ಆಕೆ ಇನ್ನೂ ನಗುತ್ತಿದ್ದಾಳೆ.

ಇವತ್ತು ಸಾಹೇಬರ ಮುಂದೆ ಹಾಜರಿ ಇಟ್ಟೆ. ಮನೆಮಾತಿನ ಅಂಕಣದ ಮೇಲೆ ಬೆರಳಿಟ್ಟು, "ಏನ್ರಿ ಇದು? ಗಡಿ ಆಚೀಕಡಿ ರಾಜ್ಯದ ಮಕ್ಳಿಗೆ ನಮ್ಮ ಅನುದಾನ ಹೆಂಗ ಕೊಡೂದು?" ಎಂದರು. ಅವರ ಮುಂದೆ ಚಹಾ ಇತ್ತು. ನನಗೆ ಏನು ಧೈರ್ಯ ಬಂತೋ, "ಅವರ ಅವ್ವ ಅಪ್ಪ ಕಡದ ಕಬ್ಬಿನ ಸಕ್ಕರಿ ನಿಮ್ಮ ಕಪ್ಪಿನ್ಯಾಗ ಐತಲ್ರಿ, ಸಾಹೇಬ್ರ" ಅಂದೆ. ಅವರು ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಜೋರಾಗಿ ನಕ್ಕು ಅನುದಾನದ ಆದೇಶ ತರಿಸಿ ಓದಿದರು. ನಾನು ಹೇಳಿದ್ದು ಸರಿಯಿತ್ತು. ಇಪ್ಪತ್ತೈದು ಮಕ್ಕಳು ಎಂದು ಬರೆದು ಸಹಿ ಹಾಕಿದರು.

ಶಾಲೆ ಉಳಿಯಿತು. ನಿಮ್ಮ ಗೌರವಧನವೂ ಬಿಡುಗಡೆಯಾಗಿದೆ. ಸ್ಲೇಟು ಕಳಿಸಿದ್ದೇನೆ, ಇನ್ನು ಒಬ್ಬರಿಗೆ ಒಂದು. ಮರಾಠಿ ಅಕ್ಷರಗಳ ಚಾರ್ಟೂ ಇದೆ, ನನ್ನ ಕೈಯಾರೆ ಬರೆದದ್ದು. ಮರಿಗಳಿಂದ ಕಾಪಾಡಿ.

ಸಾರಿಕಾ


ನಿಪ್ಪಾಣಿ ಹತ್ತಿರ
15 ಫೆಬ್ರವರಿ 2005

ಸಾರಿಕಾ ಅಕ್ಕಾವರಿಗೆ,

ನಿಮ್ಮ ಪತ್ರವನ್ನು ಮಕ್ಕಳ ಮುಂದೆ ಓದಿದೆ. ಸಾಹೇಬರ ಚಹಾದ ಮಾತು ಬಂದಾಗ ಸೋನಾಬಾಯಿ ಇನ್ನೊಮ್ಮೆ ಓದಿಸಿದಳು, ಮೂರನೆಯ ಸಲ ಅವಳೇ ಬಾಯಿಪಾಠವಾಗಿ ಹೇಳಿದಳು.

ಹೊಸ ತೊಂದರೆಯೊಂದು ಬಂದಿತ್ತು, ಅದು ಬಗೆಹರಿದ ಮೇಲೆ ಬರೆಯುತ್ತಿದ್ದೇನೆ. ಕಬ್ಬಿನ ಗ್ಯಾಂಗಿಗೆ ಜ್ಞಾನದೇವ ಎಂಬವರು ಮುಖ್ಯಸ್ಥರು. ಚಿಂಚಲಿಯ ಕಬ್ಬು ಮುಗಿದು ಅವರು ನಿಪ್ಪಾಣಿ ಕಡೆ ಹೊರಟರು. ನಮ್ಮ ಹಿಂಡು ಹೋಗಬೇಕಾದದ್ದು ರಾಯಬಾಗದ ಆಚೆಗೆ. ಶಾಲೆ ಮತ್ತೆ ಎರಡು ಹೋಳು. ರಾತ್ರಿಯೆಲ್ಲ ಏನು ಮಾಡುವುದೆಂದು ಯೋಚಿಸಿದೆ. ಬೆಳಗ್ಗೆ ಎದ್ದರೆ ಲಗಮಣ್ಣ ಮಾವ ಕುದುರೆಗೆ ಹೇರುತ್ತಿದ್ದ, ಅದರ ಮೂತಿ ನಿಪ್ಪಾಣಿ ಕಡೆಗಿತ್ತು.

"ಮಾವಾ, ದಾರಿ ಆ ಕಡೆ ಐತಿ" ಅಂದೆ.

"ಕಬ್ಬ ಕಡದ ಹೊಲ ಎಲ್ಲಿ ಇರತಾವೋ ಅಲ್ಲಿ ಸೋಗಿ ಇರತೈತಿ. ಕುರಿ ಸಲುವಾಗಿ ಹೊಂಟೇನಿ, ನಿನ್ನ ಸಾಲಿ ಸಲುವಾಗಿ ಅಲ್ಲ" ಎಂದು ನನ್ನ ಮುಖ ನೋಡದೆ ಹೇಳಿದ. ಕಾಳವ್ವ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಜ್ಞಾನದೇವ ಮುಂದಿನ ಹೊಲ ಯಾವುದು ಎಂದು ಹಿಂದಿನ ದಿನವೇ ಬಂದು ಹೇಳುತ್ತಾರೆ, ಮಾವ ಕೇಳದವನ ಹಾಗೆ ಕೇಳುತ್ತಾನೆ, ಮರುದಿನ ಹಿಂಡು ಅಲ್ಲಿರುತ್ತದೆ.

ಮಕ್ಕಳ ಮಾತು ಯಾವ ಭಾಷೆಯದೆಂದು ಈಗ ಹೇಳಲಾಗದು. ರಾಮವ್ವ ಮರಾಠಿಯಲ್ಲಿ ಜಗಳ ತೆಗೆದರೆ ಬಾಳು ಕನ್ನಡದಲ್ಲಿ ಉತ್ತರ ಕೊಡುತ್ತಾನೆ, ಇಬ್ಬರಿಗೂ ತಾವೇ ಗೆದ್ದೆವೆಂಬ ನಂಬಿಕೆ. ಸ್ನೇಹಲಳನ್ನು ಎಲ್ಲರೂ ಕೇಳುತ್ತಾರೆ. ಬೇಸಿಗೆ ರಜೆಗೆ ಕರೆದುಕೊಂಡು ಬನ್ನಿ.

ದುಂಡೇಶ


ಚಿಕ್ಕೋಡಿ
30 ಮಾರ್ಚ್ 2005

ದುಂಡೇಶ,

ಈ ಸಲ ಏನನ್ನೂ ಮುಚ್ಚಿಡುವುದಿಲ್ಲ. ಜೂನ್ ಕೊನೆಗೆ ಮತ್ತೆ ಎಣಿಕೆ ಇದೆ, ನಿಯಮ ಅದೇ ಇಪ್ಪತ್ತು. ಗ್ಯಾಂಗು ಊರಿಗೆ ಹೋದ ಮೇಲೆ ನೀವು ಮತ್ತೆ ಹದಿನಾರು. ನಾನು ಅಂಜಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನೀವು ಸಂಖ್ಯೆ ಬೆಳೆಸಿ ಬರೆಯುತ್ತೀರಿ ಎಂಬ ಅಂಜಿಕೆ ಈಗ ಇಲ್ಲ.

ಸಾಹೇಬರಿಗೆ ಇದನ್ನು ಹೇಳಿದೆ. ಹದಿನಾರಕ್ಕೆ ಇಳಿದರೆ ಕಷ್ಟ, ನಲವತ್ತು ಮುಟ್ಟಿದರೆ ಇನ್ನೊಬ್ಬ ಶಿಕ್ಷಕರನ್ನೇ ಕೊಡೋಣ ಎಂದರು. ನಗುತ್ತಲೇ ಹೇಳಿದರು. ನಾನೂ ನಕ್ಕೆ, ನಗದೆ ಇನ್ನೇನು ಮಾಡಲಿ.

ಹೋಗುವ ಮಕ್ಕಳಿಗೆ ಕಲಿತ ಬಗ್ಗೆ ಒಂದೊಂದು ಪ್ರಮಾಣಪತ್ರ ಕಳಿಸಿದ್ದೇನೆ. ಅವರ ಊರಿನ ಶಾಲೆಯಲ್ಲಿ ತೋರಿಸಲಿ.

ಸಾರಿಕಾ


ತೆಲಸಂಗ
22 ಜೂನ್ 2005

ಸಾರಿಕಾ ಅಕ್ಕಾವರಿಗೆ ನಮಸ್ಕಾರಗಳು.

ನಿಮ್ಮ ಮಾರ್ಚಿನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಸಂಖ್ಯೆ ಹೇಳಲು ಧೈರ್ಯವಿರಲಿಲ್ಲ ಎಂದು ನೀವು ಊಹಿಸಿರುತ್ತೀರಿ, ಸರಿಯಾಗಿಯೇ ಊಹಿಸಿದ್ದೀರಿ.

ಏಪ್ರಿಲ್‌ನಲ್ಲಿ ಗ್ಯಾಂಗು ಹೊರಟಿತು. ಲಾರಿಯಲ್ಲಿ ಸಾಮಾನು ಹೇರುವಾಗ ಬಾಳು ಕಾಣಲಿಲ್ಲ. ಹುಡುಕಿದರೆ ಮರಿಗಳ ದೊಡ್ಡಿಯಲ್ಲಿ ಒಂದು ಕಪ್ಪು ಮರಿಯನ್ನು ಅಪ್ಪಿಕೊಂಡು ಕೂತಿದ್ದ. ಲಗಮಣ್ಣ ಮಾವ ಹೋಗಿ ಅವನನ್ನು ಎತ್ತಿ ಲಾರಿಯಲ್ಲಿ ಕೂರಿಸಿದ. ಮರಿಯನ್ನೂ ಎತ್ತಿ ಅವನ ತೊಡೆಯ ಮೇಲಿಟ್ಟ. "ಮುಂದಿನ ವರ್ಷ ಬರೂವಾಗ ಇದನ್ನ ದೊಡ್ಡ ಕುರಿ ಮಾಡ್ಕೊಂಡ ಬರಬೇಕ ನೋಡ್ಲೇ" ಅಂದ. ಅಳಿಯನೆಂದು ನನಗೆ ಇಷ್ಟು ವರ್ಷದಲ್ಲಿ ಒಂದು ಮರಿಯ ಬಾಲವನ್ನೂ ಕೊಟ್ಟವನಲ್ಲ. ಜ್ಞಾನದೇವ ಮೊನ್ನೆ ಪತ್ರ ಹಾಕಿಸಿದ್ದಾರೆ, ಧರೆಪ್ಪನ ಅಂಗಡಿಯಲ್ಲಿ ಸಿಕ್ಕಿತು. ನಿಮ್ಮ ಪ್ರಮಾಣಪತ್ರ ನೋಡಿ ಊರಿನ ಶಾಲೆಯವರು ಒಂಬತ್ತೂ ಮಕ್ಕಳನ್ನು ಅವರವರ ವಯಸ್ಸಿನ ತರಗತಿಗೇ ಸೇರಿಸಿಕೊಂಡರಂತೆ. ಬಾಳು ಕನ್ನಡದಲ್ಲಿ ಮಗ್ಗಿ ಹೇಳಿ ಅಲ್ಲಿಯ ಗುರುಗಳನ್ನು ದಂಗು ಬಡಿಸಿದನಂತೆ.

ಮೊದಲ ಮಳೆಗೆ ನಾವು ತೆಲಸಂಗಕ್ಕೆ ಮರಳಿದೆವು, ಹದಿನಾರು ಮಕ್ಕಳ ಜೊತೆ. ಕರಿಹಲಗೆ ತೂಗುಹಾಕಿ ಕೂತೆ. ಮೂರನೆಯ ದಿನ ಒಂದು ಹಿಂಡು ಬಂದು ನಮ್ಮ ಮಗ್ಗುಲಿನ ಹೊಲದಲ್ಲಿ ಇಳಿಯಿತು. ಜತ್ತದ ಕಡೆಯವರು, ನನಗೆ ಗುರುತಿಲ್ಲ. ಅವರಲ್ಲಿಯ ಹಿರಿಯ ಬಂದು, "ಇಲ್ಲಿ ಕುರಿ ಜೋಡಿ ಹೊಂಡೂ ಸಾಲಿ ಐತಂತಲ್ರಿ, ಇದ ಏನ್ರಿ?" ಎಂದು ಕೇಳಿದ. ಯಾರು ಹೇಳಿದರು ಎಂದರೆ, ಸಂತೆಯಲ್ಲಿ ಒಬ್ಬ ಹೆಂಗಸು ಹೇಳಿದಳು ಅಂದ. ಎರಡು ದಿನ ಬಿಟ್ಟು ಇನ್ನೊಂದು ಹಿಂಡು ಬಂತು. ಅವರಿಗೂ ಸಂತೆಯ ಹೆಂಗಸೇ ಹೇಳಿದ್ದು. ಕಾಳವ್ವ ಅತ್ತೆಯನ್ನು ಕೇಳಿದೆ. "ನಾ ಉಣ್ಣಿ ಮಾರಾಕ ಹೋಗಿದ್ದೆ. ಉಣ್ಣಿ ಮಾರೂವಾಗ ಸುಮ್ಮ ಕುಂಡ್ರಾಕ ಆಕ್ಕೈತೇನ?" ಅಂದಳು. ಉಣ್ಣಿ ಎಂದರೆ ಉಣ್ಣೆ, ಅದು ನಾಲ್ಕು ಸಂತೆಯಾದರೂ ಮಾರಿ ಮುಗಿದಿಲ್ಲ.

ತೆಲಸಂಗದ ರೈತರಿಗೆ ಸಂಭ್ರಮವೋ ಸಂಭ್ರಮ. ಪ್ರತಿವರ್ಷ ಅವರು ನಮ್ಮ ಹಿಂದೆ ಓಡಾಡಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಈ ವರ್ಷ ಮೂರು ಹಿಂಡು ತಾವಾಗಿಯೇ ಬಂದು ಕೂತಿವೆ, ಯಾಕೆಂದು ಅವರಿಗೆ ಅರ್ಥವಾಗುತ್ತಿಲ್ಲ. ನಮ್ಮ ಹೊಲದ ಯಜಮಾನರು ಶಾಲೆಗೆಂದು ಒಂದು ದೊಡ್ಡ ತಾಡಪತ್ರಿ ಕೊಟ್ಟಿದ್ದಾರೆ. ಮಳೆ ಬಂದರೆ ಅದರ ಕೆಳಗೆ ಮಕ್ಕಳು, ಮಕ್ಕಳ ತೊಡೆಯ ಮೇಲೆ ಮರಿಗಳು. ರಾಮವ್ವ ಚಿಕ್ಕವರದೊಂದು ಗುಂಪು ಮಾಡಿಕೊಂಡು ಬೇರೆ ಕೂರಿಸಿದ್ದಾಳೆ. ಅವಳಿಗೆ ನನ್ನ ಅಪ್ಪಣೆ ಬೇಕಾಗಿಲ್ಲ.

ಸುಳ್ಳು ಬರೆಯುವವನಲ್ಲ ನಾನು. ಇವತ್ತು ಬೆಳಗ್ಗೆ ಎರಡು ಸಲ ಹಾಜರಿ ಕರೆದು ಬರೆಯುತ್ತಿದ್ದೇನೆ, ಮೂವತ್ತೆಂಟು. ಇಪ್ಪತ್ತರ ಚಿಂತೆ ಬಿಡಿ. ಸಾಹೇಬರಿಗೆ ಹೇಳಿ, ನಲವತ್ತಕ್ಕೆ ಇನ್ನೆರಡೇ ಕಡಿಮೆ. ಮುಂದಿನ ವರ್ಷವಾದರೂ

ಅಕ್ಕಾ, ಸಾಲಿನ ನಡುವೆ ನಿಲ್ಲಿಸಿ ಎದ್ದು ನೋಡಿ ಬಂದೆ. ರಾಮವ್ವ ಬಂಡೆಯ ಮೇಲೆ ಹತ್ತಿ ಕೂಗುತ್ತಿದ್ದಾಳೆ, "ಮಾಸ್ತರ್ರೀ, ಇನ್ನೊಂದ ಹಿಂಡ ಬರಾಕತ್ತೈತ್ರಿ! ಕುದರಿ ಮ್ಯಾಲ ಹುಡುಗ್ರ ಕುಂತಾರ್ರೀ!" ದೂಳಿನಲ್ಲಿ ಎಷ್ಟು ಮಂದಿ ಎಂದು ಕಾಣುತ್ತಿಲ್ಲ. ಇಲ್ಲಿ ಎಲ್ಲರೂ ಎದ್ದು ಓಡಿದ್ದಾರೆ, ಲಗಮಣ್ಣ ಮಾವ ಎಲ್ಲರಿಗಿಂತ ಮುಂದೆ. ಪತ್ರ ಇಷ್ಟಕ್ಕೇ ಅಂಚೆಗೆ ಹಾಕುತ್ತೇನೆ. ನಾನೂ ಓಡಬೇಕು.

ದುಂಡೇಶ